ಮಷಿನ್ ನಿಲ್ಲಿಸಿದ ಮೇಲೆ ಹೇಳಿದ ಮಾತು

ಚಿಕಾಗೊ
೯ ಸೆಪ್ಟೆಂಬರ್ ೨೦೧೮

ಪ್ರೀತಿಯ ಮದ್ರಿನಾ,

ಈ ಕಾಗದವನ್ನು ನೀವು ಓದಲಾರಿರಿ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಫೋನ್ ನೀವು ಎತ್ತುತ್ತಿಲ್ಲ. ಹದಿನಾಲ್ಕು ಸಲ ಮಾಡಿದೆ. ಬೇರೆ ಯಾರ ಕೈಯಲ್ಲಾದರೂ ಇದನ್ನು ಓದಿಸುತ್ತೀರೋ, ಒಲೆಗೆ ಹಾಕುತ್ತೀರೋ, ಅದು ನಿಮ್ಮಿಷ್ಟ. ನಾನಂತೂ ಬರೆಯದೆ ಇರಲಾರೆ.

ಹೋದ ಭಾನುವಾರ ನಿಮ್ಮ ಬಾಗಿಲ ಮುಂದೆ ಅರ್ಧ ಗಂಟೆ ನಿಂತಿದ್ದೆ. ಒಳಗೆ ಟಿವಿ ಕೇಳುತ್ತಿತ್ತು. "ಮದ್ರಿನಾ, ನಾನು, ನೆರೆಯ್ದಾ" ಎಂದು ಕೂಗಿದೆ. ಟಿವಿ ಇನ್ನೂ ಜೋರಾಯಿತು. ಕೆಲ್ಬಿಯಲ್ಲಿ ಗುರುತಿಲ್ಲದವರು ತಟ್ಟಿದರೆ, ವಲಸೆ ಪೊಲೀಸರಿರಬಹುದೆಂದು ಜನ ಉಸಿರು ಬಿಗಿಹಿಡಿದು ಒಳಗೇ ಕೂತುಬಿಡುತ್ತಾರೆ. ತಟ್ಟಿದ್ದು ಯಾರೆಂದು ಗೊತ್ತಿದ್ದೂ ನೀವು ತೆಗೆಯಲಿಲ್ಲ. ಆಮೇಲೆ ಬಸ್ಸಿಗೆ ಹೊತ್ತಾಯಿತು, ಬಂದುಬಿಟ್ಟೆ.

ನಾನು ಮಾಡಿದ್ದನ್ನು ನಾನೇ ಒಂದು ಸಲ ನೆಟ್ಟಗೆ ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ವಿಶ್ವವಿದ್ಯಾಲಯದ ಸಮೀಕ್ಷೆಗೆಂದು ಊರಿಗೆ ಬಂದಾಗ ನಲವತ್ತೊಂದು ಮನೆಗಳ ಬಾಗಿಲು ತಟ್ಟಿದೆ. ಇಪ್ಪತ್ತಾರು ತೆರೆದವು. ದಕ್ಷಿಣದ ಗಡಿ ದಾಟಿ ಬಂದು ಹಂದಿಮಾಂಸದ ಪ್ಲಾಂಟಿನಲ್ಲಿ ದುಡಿಯುವ ನಮ್ಮ ಜನರಲ್ಲಿ ಯಾರಿಗೆ ಓದು ಬರುತ್ತದೆ, ಯಾರಿಗೆ ಬರುವುದಿಲ್ಲ, ಸಮುದಾಯ ಕೇಂದ್ರದಲ್ಲಿ ಯಾವ ತರಗತಿ ನಡೆಸಬೇಕು, ಇವೇ ನನ್ನ ಪ್ರಶ್ನೆಗಳು. ಕೊನೆಗೆ ನಿಮ್ಮ ಅಡುಗೆಮನೆಯಲ್ಲಿ, ಮಾತು ಹಿಡಿದಿಡುವ ರೆಕಾರ್ಡರ್ ಮುಂದಿಟ್ಟುಕೊಂಡು ಕೂತೆ. ನೀವು ಹುರುಳಿಕಾಯಿ ಸೋಸುತ್ತಿದ್ದವರು ಕೈ ನಿಲ್ಲಿಸಿ, "ಆ ಮಷಿನ್ ನಿಲ್ಲಿಸು" ಎಂದಿರಿ. ನಿಲ್ಲಿಸಿದೆ. "ನಂಗೆ ಓದಕ್ಕೆ ಬರಲ್ಲ ಕೂಸೇ" ಎಂದಿರಿ.

ನನಗೆ ನಂಬಲಾಗಲಿಲ್ಲ. ಹತ್ತೊಂಬತ್ತು ವರ್ಷಗಳಿಂದ ಕೆಲ್ಬಿಯಲ್ಲಿ ನಮ್ಮವರು ಯಾರು ತೀರಿಕೊಂಡರೂ ಆ ಮನೆಯಲ್ಲಿ ಒಂಬತ್ತು ಸಂಜೆ ಜಪ ಹೇಳಿಸುವವರು ನೀವು. ಕೈಯಲ್ಲಿ ಕಪ್ಪು ಪ್ರಾರ್ಥನೆ ಪುಸ್ತಕ ತೆರೆದುಕೊಂಡೇ ಹೇಳುತ್ತಿದ್ದಿರಿ. ಅಮ್ಮ ಹೋದಾಗ ನನಗೆ ಹನ್ನೊಂದು ವರ್ಷ. ಆಗಲೂ ಹಾಗೇ ಹೇಳಿದಿರಿ, ಹತ್ತನೇ ದಿನ ನನ್ನ ಬಟ್ಟೆಯ ಗಂಟನ್ನು ನಿಮ್ಮ ಮನೆಗೆ ತಂದಿರಿ. ಜ್ಞಾನಸ್ನಾನದ ದಿನ ಮದ್ರಿನಾ ಆಗಿ, ದೇವರ ಮುಂದೆ ಎರಡನೇ ತಾಯಿಯಾಗಿ ನನ್ನನ್ನು ಎತ್ತಿಕೊಂಡು ನಿಂತ ಕೈಗಳೇ ನನ್ನನ್ನು ಸಾಕಿದವು. ಅಂಥ ನಿಮಗೆ ಓದು ಬರುವುದಿಲ್ಲ ಎಂದರೆ! ನಾನು ನಿಮ್ಮ ಕೈ ಹಿಡಿದು, "ಅದಕ್ಕೇನಂತೆ ಮದ್ರಿನಾ, ತರಗತಿ ಶುರು ಮಾಡಿಸ್ತೀವಿ" ಎಂದೆ. ನೀವು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಿರಿ. ಆಮೇಲೆ ಎದ್ದು ಕಾವಲಿ ಒಲೆಯ ಮೇಲಿಟ್ಟಿರಿ.

ಬಸ್ಸಿನಲ್ಲಿ ಅದನ್ನು ನೆನಪಿನಿಂದ ಬರೆದುಕೊಂಡೆ. ವರದಿಯಲ್ಲಿ ನಿಮ್ಮ ಹೆಸರು ಬದಲಾಯಿಸಿ ರೊಸಾಲ್ಬಾ ಎಂದಿಟ್ಟೆ. ವಯಸ್ಸು ನಾಲ್ಕು ವರ್ಷ ಇಳಿಸಿದೆ, ನಿಮ್ಮ ಹುಟ್ಟೂರನ್ನು ಬೇರೆ ರಾಜ್ಯಕ್ಕೆ ಹಾಕಿದೆ. ಇಷ್ಟು ಮಾಡಿದರೆ ಯಾರಿಗೂ ತಿಳಿಯುವುದಿಲ್ಲವೆಂದು ನಮಗೆ ಕಲಿಸಿದ್ದಾರೆ. ಆದರೆ ಸತ್ತವರ ಮನೆಯಲ್ಲಿ ಜಪ ಹೇಳಿಸುವ ಹೆಂಗಸು ಎಂಬುದನ್ನು ಹಾಗೇ ಬಿಟ್ಟೆ. ಕೆಲ್ಬಿಯಲ್ಲಿ ಅಂಥವರು ಒಬ್ಬರೇ ಇದ್ದಾರೆ. ಇದು ನನ್ನ ತಲೆಗೆ ಹೊಳೆಯಲೇ ಇಲ್ಲ. ಕೇಂದ್ರದಲ್ಲಿ ಕಾಫಿಯ ಪಕ್ಕದಲ್ಲಿ ವರದಿಯ ಪ್ರತಿಗಳನ್ನು ಜೋಡಿಸಿಟ್ಟಿದ್ದು ನಾನೇ.

ಒಂದು ಸಲ ಬಾಗಿಲು ತೆಗೆಯಿರಿ. ಬೈಯಿರಿ, ಹೊಡೆಯಿರಿ. ನೀವು ಮಾತಾಡದಿದ್ದರೆ ನನಗೆ ಈ ಲೋಕದಲ್ಲಿ ಮನೆ ಅಂತ ಒಂದೂ ಇಲ್ಲ.

ನಿಮ್ಮ
ನೆರೆಯ್ದಾ


ಕೆಲ್ಬಿ, ನೆಬ್ರಾಸ್ಕಾ
೬ ಅಕ್ಟೋಬರ್ ೨೦೧೮, ಶನಿವಾರ

ಮಾನ್ಯ ಕುಮಾರಿ ನೆರೆಯ್ದಾ ಅವರಿಗೆ ಇಲಾರಿಯೊನ ವಂದನೆಗಳು.

ನನ್ನ ನೆನಪಿದೆಯೋ ಇಲ್ಲವೋ. ಶನಿವಾರಗಳಂದು ಕೇಂದ್ರದಲ್ಲಿ, ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತು ಜನರಿಗೆ ಅರ್ಜಿ, ಕಾಗದ ಬರೆದುಕೊಡುವ ಮುದುಕ. ಎಡಗೈಯಲ್ಲಿ ಮೂರೇ ಬೆರಳು ಇರುವವನು ಎಂದರೆ ಹೊಳೆದೀತು. ಉಳಿದೆರಡನ್ನು ಪ್ಲಾಂಟಿಗೆ ದಾನ ಮಾಡಿದ್ದೇನೆ. ಬರೆಯುವುದು ಬಲಗೈಯಲ್ಲಿ, ಆದ್ದರಿಂದ ಅಕ್ಷರ ಚೆನ್ನಾಗಿಯೇ ಇದೆ ಎಂದು ನೀವೂ ಒಪ್ಪುತ್ತೀರಿ.

ಇವತ್ತು ನಿಮ್ಮ ಮದ್ರಿನಾ, ದೋನ್ಯಾ ಒತಿಲಿಯಾ ಬಂದಿದ್ದರು. ಚೀಲದಿಂದ ನಿಮ್ಮ ಮೂರು ಲಕೋಟೆಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಒಂದನ್ನೂ ಒಡೆದಿಲ್ಲ.

"ಇದು ಯಾರ ಕೈಬರಹ?"

"ನೆರೆಯ್ದಾಳದ್ದು."

"ಅದು ನಂಗೂ ಗೊತ್ತು. ನಂಗೆ ಬೇರೆ ಯಾರು ಬರೀತಾರೆ? ಒಳಗೇನಿದೆ ಅಂತ ಹೇಳ್ಬೇಡಿ. ಹೊತ್ತು ಹೊತ್ತಿಗೆ ಊಟ ಮಾಡ್ತಿದಾಳಾ, ಅಷ್ಟು ಹೇಳಿ ಸಾಕು."

"ಒಡೀದೆ ಹೇಗ್ರೀ ಹೇಳ್ಲಿ?"

"ಊರಲ್ಲಿ ಎರಡು ವರ್ಷ ಮೇಷ್ಟ್ರಾಗಿದ್ದೆ ಅಂತ ಜಂಬ ಕೊಚ್ಚಿಕೊಳ್ತೀರಲ್ಲ. ಅಷ್ಟೂ ತಿಳಿಯಲ್ವಾ?"

ನಾನು ಮೇಲಿನ ಅಕ್ಷರಗಳನ್ನು ಗಂಭೀರವಾಗಿ ನೋಡಿ, "ಕೈ ನಡುಗಿಲ್ಲ, ಊಟ ಮಾಡ್ತಿದಾಳೆ" ಎಂದೆ. ಲಕೋಟೆಗಳನ್ನು ಚೀಲಕ್ಕೆ ಹಾಕಿಕೊಂಡು ಹೋದರು. ನಾನು ಸುಳ್ಳುಗಾರನಾಗಬಾರದು, ದಯವಿಟ್ಟು ಊಟ ಮಾಡಿ.

ಊರಿನ ಸಂಗತಿ ನಿಮಗೆ ತಿಳಿದಿರಬೇಕು. ವರದಿ ಬಂದ ಮೇಲೆ ಇಲ್ಲಿ ಮೂವರು ತೀರಿಕೊಂಡರು. ಮೂರು ಮನೆಯವರೂ ಒತಿಲಿಯಾರನ್ನು ಕರೆಯಲಿಲ್ಲ. ಒಂದು ಮನೆಯಲ್ಲಿ ಮೊಬೈಲಿನಲ್ಲಿ ಜಪ ಹಾಕಿದರು, ನಡುವೆ ಶಾಂಪೂ ಜಾಹೀರಾತು ಬಂತು. ಅವರಿಗೆ ಈಕೆಯ ಮೇಲೆ ತಿರಸ್ಕಾರವೇನಿಲ್ಲ. ಮುಖ ಕೊಟ್ಟು ಮಾತಾಡುವುದು ಹೇಗೆಂದು ತಿಳಿಯದೆ ತಪ್ಪಿಸಿಕೊಳ್ಳುತ್ತಿದ್ದಾರೆ. ಆದರೆ ಎದುರಿನವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಫಿದೆಲಾ ಎಂಬ ಹೆಂಗಸು ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದಾಳೆ. ಆಕೆಯ ತಂದೆಗೆ ಒತಿಲಿಯಾ ಜುಲೈಯಲ್ಲಿ ಜಪ ಹೇಳಿಸಿದ್ದರು. "ಓದಕ್ಕೇ ಬರದೋರು ಹೇಳಿದ್ದು ಅಪ್ಪನಿಗೆ ಮುಟ್ಟಿತಾ?" ಎಂದು ಪ್ಲಾಂಟಿನ ಊಟದ ಕೋಣೆಯಲ್ಲಿ ಎಲ್ಲರ ಮುಂದೆ ಕೇಳುತ್ತಿದ್ದಾಳೆ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ನಿಮ್ಮ ವರದಿಯಿಂದಾಗಿ ಕೇಂದ್ರಕ್ಕೆ ಅನುದಾನ ಬಂದು ಅಕ್ಷರದ ತರಗತಿ ಶುರುವಾಗಿದೆ. ಇಪ್ಪತ್ತೆರಡು ಜನ ಸೇರಿದ್ದಾರೆ. ಐವತ್ತು ದಾಟಿದ ಒಬ್ಬ ಮಗಳ ಶಾಲೆಯಿಂದ ಬಂದ ಚೀಟಿಯನ್ನು ತಾನೇ ಓದಿ, ನನಗೆ ತಂದು ತೋರಿಸಿ ಅತ್ತ. ನನ್ನ ಒಬ್ಬ ಗಿರಾಕಿ ಕಡಿಮೆಯಾದ. ಒತಿಲಿಯಾ ಮಾತ್ರ ಆ ಕೋಣೆಯ ಮುಂದೆ ಹಾದುಹೋಗುವಾಗ ಕಣ್ಣೆತ್ತಿಯೂ ನೋಡುವುದಿಲ್ಲ.

ನಿಮ್ಮ ವಿಧೇಯ
ಇಲಾರಿಯೊ


ಚಿಕಾಗೊ
೧೫ ಅಕ್ಟೋಬರ್ ೨೦೧೮

ಗೌರವಾನ್ವಿತ ದೋನ್ ಇಲಾರಿಯೊ,

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಶಾಂಪೂ ಜಾಹೀರಾತಿನ ವಿಷಯ ಓದಿ ನಕ್ಕೆ, ನಕ್ಕಿದ್ದಕ್ಕೆ ನಾಚಿಕೆಯಾಯಿತು. ಲಕೋಟೆಗಳನ್ನು ಮದ್ರಿನಾ ತಾವಾಗಿ ಹೇಳುವ ತನಕ ಒಡೆಯಬೇಡಿ. ಊಟ ಮಾಡುತ್ತಿದ್ದೇನೆ. ನಿನ್ನೆ ಅನ್ನ ಮಾಡಿ ತಳ ಹಿಡಿಸಿದೆ.

ನಿಮ್ಮನ್ನು ಒಂದು ಮಾತು ಕೇಳಬೇಕು. ನಮ್ಮ ಪ್ರಾಧ್ಯಾಪಕಿಗೆ ಮದ್ರಿನಾ ಕುರಿತ ಆ ಒಂದು ಪುಟ ತುಂಬ ಇಷ್ಟವಾಗಿದೆ. "ಇಡೀ ವರದಿಯ ಹೃದಯ ಇದೇ" ಎನ್ನುತ್ತಾರೆ. ನವೆಂಬರ್ ಕೊನೆಯಲ್ಲಿ ಒಂದು ದೊಡ್ಡ ಸಮ್ಮೇಳನವಿದೆ, ಅಲ್ಲಿ ಅದನ್ನು ನಾನೇ ಓದಬೇಕಂತೆ. ಆಮೇಲೆ ಅದು ಪುಸ್ತಕದಲ್ಲೂ ಬರುತ್ತದಂತೆ. ಕೆಟ್ಟವರೇನಲ್ಲ, ನಮ್ಮ ಜನಕ್ಕಾಗಿ ಇಪ್ಪತ್ತು ವರ್ಷದಿಂದ ದುಡಿದವರು. ಈ ಪುಟದಿಂದ ಇನ್ನೂ ಹತ್ತು ಊರುಗಳಲ್ಲಿ ತರಗತಿ ಶುರುವಾಗಬಹುದು ಎನ್ನುತ್ತಾರೆ. ಅದೂ ಸುಳ್ಳಲ್ಲ.

ಆದರೆ ಮದ್ರಿನಾ ಮಷಿನ್ ನಿಲ್ಲಿಸಲು ಹೇಳಿದ್ದರು, ದೋನ್ ಇಲಾರಿಯೊ. ಇದನ್ನು ಯಾರಿಗೂ ಹೇಳಿಲ್ಲ, ಪ್ರಾಧ್ಯಾಪಕಿಗೂ ಹೇಳಿಲ್ಲ. ನಿಲ್ಲಿಸಿದ್ದೇ ನನಗೆ ಅನುಕೂಲವಾಯಿತು. ನೆನಪಿನಲ್ಲಿ ಉಳಿದದ್ದು ನನ್ನದು ಎಂದುಕೊಂಡುಬಿಟ್ಟೆ.

ಈ ಕೋಣೆಯಲ್ಲಿ ಸಂಜೆಯಾದರೆ ಪಕ್ಕದ ಮನೆಯವರ ಚಮಚದ ಸದ್ದು ಕೇಳುತ್ತದೆ. ಅವರ ಹೆಸರೂ ನನಗೆ ತಿಳಿಯದು.

ನಿಮ್ಮ
ನೆರೆಯ್ದಾ


ಕೆಲ್ಬಿ
೧೦ ನವೆಂಬರ್ ೨೦೧೮, ಶನಿವಾರ

ನೆರೆಯ್ದಾ,

(ಇಲಾರಿಯೊನ ಸೂಚನೆ: ಆಕೆ ಹೇಳುತ್ತಾರೆ, ನಾನು ಬರೆಯುತ್ತೇನೆ. ಒಂದು ಮಾತನ್ನೂ ತಿದ್ದಬಾರದೆಂದು ಆಣೆ ಹಾಕಿಸಿಕೊಂಡಿದ್ದಾರೆ. ಆದ್ದರಿಂದ ಭಾಷೆಯ ಒರಟುತನಕ್ಕೆ ನಾನು ಹೊಣೆಯಲ್ಲ.)

ನಿನ್ನ ಕಾಗದ ಒಡೆಸಿಲ್ಲ. ನಾಲ್ಕೂ ಸಕ್ಕರೆ ಡಬ್ಬಿ ಹಿಂದೆ ಇಟ್ಟಿದೀನಿ. ಒಡೆಸಿದ್ರೆ ಈ ಯಪ್ಪನ ಬಾಯಲ್ಲಿ ನಿನ್ನ ಮಾತು ಕೇಳಬೇಕು, ಇವರ ಬಾಯಲ್ಲಿ ಎಲ್ಲ ಸರ್ಕಾರಿ ಅರ್ಜಿ ಥರಾನೇ ಕೇಳಿಸುತ್ತೆ. (ಇದನ್ನೂ ಬರೆದಿದ್ದೇನೆ.)

ಚಳಿ ಬಂತು. ನಿನ್ನ ದಪ್ಪ ಕೋಟು ಇಲ್ಲೇ ಬಿಟ್ಟು ಹೋಗಿದೀಯ. ಪಾರ್ಸೆಲ್ ಮಾಡಿಸ್ತೀನಿ. ಜೇಬಲ್ಲಿ ಒಣಮೆಣಸಿನಕಾಯಿ ಇಟ್ಟಿರ್ತೀನಿ, ಅಲ್ಲಿ ಸಿಗೋದು ಖಾರ ಇರಲ್ಲ ಅಂತಿದ್ದೆ.

ಸತ್ತವರ ಹಬ್ಬ ಆಯ್ತು. ನಿಮ್ಮಮ್ಮನ ಫೋಟೊಗೆ ಚೆಂಡುಹೂ ಹಾಕಿದೆ, ಬ್ರೆಡ್ ಇಟ್ಟೆ, ಅವಳಿಗೆ ಇಷ್ಟ ಅಂತ ಕೋಲಾನೂ ಇಟ್ಟೆ. ಪ್ರತಿ ವರ್ಷ ಆವತ್ತು ನಂಗೆ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ನಮ್ಮನೇಗೆ ಬನ್ನಿ ದೋನ್ಯಾ, ಆಮೇಲೆ ನಮ್ಮನೇಗೆ ಅಂತ ಎಂಟು ಮನೆ, ಹತ್ತು ಮನೆ. ಈ ಸಲ ಮಧ್ಯಾಹ್ನದಿಂದಲೇ ಒಳ್ಳೆ ಸ್ಕರ್ಟ್ ಉಟ್ಟು ಕೂತಿದ್ದೆ. ಯಾರೂ ಬರಲಿಲ್ಲ. ಬರಲ್ಲ ಅಂತ ಗೊತ್ತಿತ್ತು, ಆದ್ರೂ ಉಟ್ಟುಕೊಂಡಿದ್ದೆ ನೋಡು, ಅದಕ್ಕೇ ಅವಮಾನ ಆಯ್ತು.

ಸಂಜೆ ನಿಮ್ಮಮ್ಮನಿಗೆ ನಾನೊಬ್ಬಳೇ ಜಪ ಹೇಳಿದೆ. ಜಪ ಅಂದ್ರೆ ಅರ್ಧ ನಾನು ಹೇಳಬೇಕು, ಉಳಿದರ್ಧ ಜನ ಹೇಳಬೇಕು. ಜನ ಇಲ್ಲ. ಎರಡೂ ಅರ್ಧ ನಾನೇ ಹೇಳಿಕೊಂಡೆ. ಸ್ವಲ್ಪ ಹೊತ್ತಾದ್ಮೇಲೆ ನನ್ನ ದನೀನೇ ನಂಗೆ ಬೇರೆ ಯಾರದ್ದೋ ಅನ್ನಿಸ್ತು, ನಿಲ್ಲಿಸಿಬಿಟ್ಟೆ. ಇಷ್ಟು ವರ್ಷದಲ್ಲಿ ನಡುವೆ ನಿಲ್ಲಿಸಿದ್ದು ಅದೇ ಮೊದಲು.

ಊರೋರು ನಕ್ಕರೆ ನಗಲಿ. ಅವರು ನಕ್ಕಿದ್ದಕ್ಕೆ ನಾನು ಬಾಗಿಲು ಹಾಕಿಕೊಂಡಿಲ್ಲ. ಆವತ್ತು ನಾನು ಹೇಳಿದ್ದು ನಿಂಗೆ ಅರ್ಥ ಆಗಿತ್ತು ತಾನೇ? ಅರ್ಥ ಆಗಿದ್ದೂ ಹೀಗೆ ಮಾಡಿದೆಯಲ್ಲ, ಅದಕ್ಕೆ ಹಾಕಿಕೊಂಡಿದ್ದು.

ಇಷ್ಟೇ. ಕೋಟು ಬಂದ ಮೇಲೆ ಬರಿ.

ಒತಿಲಿಯಾ

(ಕೊನೆಯ ಪ್ರಶ್ನೆಯನ್ನು ಎರಡು ಸಲ ಬರೆಯಲು ಹೇಳಿದರು. ಒಂದೇ ಸಲ ಬರೆದಿದ್ದೇನೆ, ನೀವು ಎರಡು ಸಲ ಓದಿಕೊಳ್ಳಿ. ಇ.)


ಚಿಕಾಗೊ
೨ ಡಿಸೆಂಬರ್ ೨೦೧೮

ಪ್ರೀತಿಯ ಮದ್ರಿನಾ,

ಕೋಟು ಬಂತು. ಮೆಣಸಿನಕಾಯಿ ಜೇಬಿನೊಳಗೆ ಪುಡಿಯಾಗಿತ್ತು. ಕೈ ಹಾಕಿ ಆಮೇಲೆ ಕಣ್ಣು ಒರೆಸಿಕೊಂಡೆ. ತರಗತಿಯಲ್ಲಿ ಎಲ್ಲರೂ ಏನಾಯಿತೆಂದು ಕೇಳಿದರು, ಮೆಣಸಿನಕಾಯಿ ಎಂದೆ. ಅರ್ಧ ನಿಜ.

ನಿಮ್ಮ ಪ್ರಶ್ನೆಗೆ ಉತ್ತರ: ಅರ್ಥವಾಗಿತ್ತು, ಮದ್ರಿನಾ. ಗುಟ್ಟೆಂದು ಹೇಳಿದಿರಿ, ಗುಟ್ಟೆಂದೇ ತಿಳಿದೆ. ತಿಳಿದೂ ಬರೆದೆ. ಹೆಸರು ಮುಚ್ಚಿದರೆ ಸಾಕು ಎಂದುಕೊಂಡಿದ್ದೆ. ಅರ್ಥವಾಗಲಿಲ್ಲ ಎಂದರೆ ನೀವು ನನ್ನನ್ನು ಬೇಗ ಕ್ಷಮಿಸುತ್ತಿದ್ದಿರೇನೋ, ಆದರೆ ನಿಮಗೆ ಸುಳ್ಳು ಹೇಳಲಾರೆ.

ಸಮ್ಮೇಳನದಲ್ಲಿ ಆ ಪುಟ ಓದಲಿಲ್ಲ. ಹಿಂದಿನ ದಿನ ಪ್ರಾಧ್ಯಾಪಕಿಗೆ ಮಷಿನ್ ನಿಲ್ಲಿಸಿದ ವಿಷಯ ಹೇಳಿದೆ. ಅವರು, "ಇದನ್ನು ನೀನು ಮೊದಲೇ ಹೇಳಬೇಕಿತ್ತು" ಎಂದರು. ಪುಸ್ತಕದಿಂದ ತೆಗೆಯಲು ಒಪ್ಪಿದರು. ಅಚ್ಚಾಗಿ ಹೋದ ವರದಿಯನ್ನು ಮಾತ್ರ ಹಿಂದಕ್ಕೆ ಕರೆಯಲಾಗುವುದಿಲ್ಲ. ನನ್ನನ್ನು ಕ್ಷೇತ್ರದ ಕೆಲಸದಿಂದ ಬಿಡಿಸಿ, ಬೇರೆಯವರು ತಂದ ಸಂದರ್ಶನಗಳನ್ನು ಕೇಳಿ ಬರೆಯುವುದಕ್ಕೆ ಹಾಕಿದ್ದಾರೆ. ಇಡೀ ದಿನ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಗುರುತಿಲ್ಲದ ಹೆಂಗಸರ ಮಾತು ಕೇಳುತ್ತೇನೆ. ಕೆಲವರು ನಿಮ್ಮ ಹಾಗೇ ಕೆಮ್ಮುತ್ತಾರೆ.

ಕ್ರಿಸ್ಮಸ್‌ಗೆ ಬರಲೇ? ಬಾ ಎಂದು ಒಂದು ಮಾತು ಬರೆಸಿದರೆ ಸಾಕು.

ನಿಮ್ಮ
ನೆರೆಯ್ದಾ


ಕೆಲ್ಬಿ
೨೬ ಜನವರಿ ೨೦೧೯, ಶನಿವಾರ

ಪ್ರಿಯ ನೆರೆಯ್ದಾ,

ಮಾನ್ಯ ಕುಮಾರಿ ಎಂಬುದನ್ನು ಬಿಟ್ಟಿದ್ದೇನೆ, ನಮ್ಮ ಪರಿಚಯಕ್ಕೆ ಈಗ ವಯಸ್ಸಾಯಿತು. ಕ್ರಿಸ್ಮಸ್‌ಗೆ ಬರಲೇ ಎಂದು ನನಗೂ ಒಂದು ಚೀಟಿ ಬರೆದಿದ್ದಿರಿ, ನೀವು ದಾರಿ ಕಾದಿರೆಂದು ಗೊತ್ತು. ಉತ್ತರ ಬರೆಯೋಣವೇ ಎಂದು ಎರಡು ಸಲ ಕೇಳಿದೆ. "ಹಿಮ ಜಾಸ್ತಿ ಅಂತ ಬರೀರಿ" ಎಂದರು. ಹಿಮವೇ ಇರಲಿಲ್ಲ, ನಾನು ಬರೆಯಲಿಲ್ಲ. ನಿಮ್ಮ ಡಿಸೆಂಬರಿನ ಲಕೋಟೆಯೂ ಸಕ್ಕರೆ ಡಬ್ಬಿಯ ಹಿಂದೆ ಹೋಯಿತು.

ಈಗ ಸುದ್ದಿಗೆ ಬರುತ್ತೇನೆ. ಹೊಸ ವರ್ಷದ ಮೊದಲ ವಾರ ಒತಿಲಿಯಾ ಅಕ್ಷರದ ತರಗತಿಗೆ ಬಂದರು! ಬಂದು ಹಿಂದಿನ ಬೆಂಚಿನಲ್ಲಿ, ಕೋಟು ಬಿಚ್ಚದೆ ಕೂತರು. ಇಡೀ ಕೋಣೆ ಪುಸ್ತಕದಲ್ಲಿ ಮುಖ ಹುದುಗಿಸಿತು. ನಾನು ಆಮೇಲೆ ಕೇಳಿದೆ, "ಅಂತೂ ಮನಸ್ಸು ಮಾಡಿದ್ರಲ್ಲ?"

"ಊರೋರಿಗೋಸ್ಕರ ಅಲ್ಲ. ಆ ಹುಡುಗಿ ಕಾಗದ ನಾನೇ ಒಡೆದು ಓದಬೇಕು. ಎಷ್ಟು ದಿನ ಹಿಡಿಯುತ್ತೆ?"

"ದಿನಾ ಬಂದ್ರೆ ಒಂದು ವರ್ಷ."

"ಒಂದು ವರ್ಷ ಬದುಕಿರ್ತೀನಿ ಬಿಡಿ."

ನಾಲ್ಕು ಸಂಜೆ ಬಂದರು. ಐದನೆಯ ಸಂಜೆ ಬರಲಿಲ್ಲ. ಮನೆಗೆ ಹೋಗಿ ವಿಚಾರಿಸಿದೆ. ಬೆಳಗ್ಗೆ ತಮ್ಮಷ್ಟಕ್ಕೆ ಜಪ ಹೇಳುತ್ತಿದ್ದಾಗ ನಡುವೆ ತಡವರಿಸಿದರಂತೆ. ಬಾಯಿಗೆ ಬರಬೇಕಾದ ಮಾತಿನ ಬದಲು ಕರಿಹಲಗೆಯ ಮೇಲಿನ ಅಕ್ಷರ ಕಣ್ಣಮುಂದೆ ಬಂದು ನಿಂತಿತಂತೆ. "ಅದು ಒಳಗೆ ಬಂದ್ರೆ ಇದು ಹೊರಗೆ ಹೋಗುತ್ತೆ. ನಂಗೆ ಇದೇ ಬೇಕು" ಎಂದರು. ಹಾಗೆಲ್ಲ ಆಗುವುದಿಲ್ಲ, ಜಗತ್ತಿನಲ್ಲಿ ಓದುಬರಹ ಬಲ್ಲವರೂ ಪ್ರಾರ್ಥನೆ ಮಾಡುತ್ತಾರೆ ಎಂದು ನಾನು ವಾದಿಸಿದೆ. ಅವರ ಮುಖದಲ್ಲಿ ಇದ್ದದ್ದು ಹಟವಲ್ಲ, ಭಯ. ಅದನ್ನು ನೋಡಿದ ಮೇಲೆ ವಾದ ಬಿಟ್ಟೆ.

ನಾನು ಅಲ್ಲಿರುವಾಗಲೇ ಫಿದೆಲಾ ಬಂದಳು. ಪ್ಲಾಂಟಿನ ಬೂಟು ಕಾಲಲ್ಲೇ ಇತ್ತು. ಕೂರಲಿಲ್ಲ.

"ದೋನ್ಯಾ, ಅಪ್ಪ ಮೂರು ದಿನದಿಂದ ಕನಸಲ್ಲಿ ಬರ್ತಿದಾರೆ. ಮಾತಾಡಲ್ಲ, ಸುಮ್ನೆ ನಿಂತಿರ್ತಾರೆ. ಒಂಬತ್ತು ದಿನದ್ದು ಇನ್ನೊಂದ್ಸಲ ಮಾಡಿ. ಪುಸ್ತಕ ಓದಕ್ಕೆ ಬರೋರು ಯಾರನ್ನಾದ್ರೂ ಪಕ್ಕದಲ್ಲಿ ಕೂರಿಸಿಕೊಳ್ಳಿ."

ಒತಿಲಿಯಾ ಟವೆಲಿನಲ್ಲಿ ಕೈ ಒರೆಸಿಕೊಂಡರು. "ಎರಡನೇ ಸಲ ಹೇಳಿದ್ರೆ ಮೊದಲನೇದು ಸುಳ್ಳು ಅಂತ ನಾನೇ ಒಪ್ಪಿದ ಹಾಗೆ. ನಿಮ್ಮಪ್ಪನಿಗೆ ಮುಟ್ಟಿದೆ. ಹೋಗು."

ಫಿದೆಲಾಳ ಮುಖ ಕೆಂಪಾಯಿತು. ಇನ್ನು ಜಗಳ ಶುರುವೆಂದು ನಾನು ಟೋಪಿ ಹಾಕಿಕೊಂಡು ಹೊರಟೆ. ಬೀದಿ ದಾಟಿ ತಿರುಗಿ ನೋಡಿದರೆ ಆಕೆ ಹೊರಗೆ ಬಂದಿರಲಿಲ್ಲ, ಅಡುಗೆಮನೆಯ ಪರದೆ ಎಳೆದಿತ್ತು. ಮುಂದಿನ ಗುರುವಾರ ಫಿದೆಲಾ ಮತ್ತೆ ಅಲ್ಲಿಗೆ ಹೋದದ್ದನ್ನು ನೋಡಿದೆ. ಮೊನ್ನೆ ಗುರುವಾರವೂ ಹೋಗಿದ್ದಾಳಂತೆ. ಏನು ನಡೆಯುತ್ತಿದೆ ಎಂದು ಕೇಳಿದರೆ ಒತಿಲಿಯಾ ಬಾಯಿ ಬಿಡುವುದಿಲ್ಲ. ಒಟ್ಟಿನಲ್ಲಿ ಆ ಮನೆಗೆ ಒಬ್ಬರಾದರೂ ಹೋಗುತ್ತಿದ್ದಾರೆ, ನನಗೆ ಅಷ್ಟೇ ಸಮಾಧಾನ.

ಇಲಾರಿಯೊ


ಚಿಕಾಗೊ
೧೭ ಫೆಬ್ರವರಿ ೨೦೧೯

ಪ್ರೀತಿಯ ಮದ್ರಿನಾ,

ನೀವು ತರಗತಿಗೆ ಹೋಗಿದ್ದಿರಂತೆ. ಬಿಟ್ಟಿರಂತೆ. ನನಗೋಸ್ಕರ ಹೋದದ್ದು ಎಂದು ತಿಳಿದಾಗಿನಿಂದ ನನಗೆ ಬೇರೆ ಕೆಲಸವೇ ಮಾಡಲಾಗುತ್ತಿಲ್ಲ. ದಯವಿಟ್ಟು ಇನ್ನು ಹೋಗಬೇಡಿ. ನಿಮಗೆ ಅಕ್ಷರ ಬೇಕು ಎಂದು ವರದಿಯಲ್ಲಿ ಬರೆದವಳೇ ಹೀಗೆ ಹೇಳುತ್ತಿದ್ದೇನೆ.

ಕ್ರಿಸ್ಮಸ್ ದಿನ ಇಲ್ಲಿ ಎಲ್ಲ ಅಂಗಡಿ ಮುಚ್ಚಿದ್ದವು. ಪೆಟ್ರೋಲ್ ಬಂಕಿನಲ್ಲಿ ಒಂದು ಬನ್ ಕೊಂಡು ತಿಂದೆ. ಅಲ್ಲಿದ್ದ ಹೆಂಗಸು ನಮ್ಮ ಭಾಷೆಯಲ್ಲಿ, "ಯಾರೂ ಇಲ್ವೇನಮ್ಮ?" ಎಂದಳು. ಇದ್ದಾರೆ ಎಂದೆ.

ಯಾರು ಓದಿದರೂ ಸರಿ, ಇದನ್ನೊಂದು ಒಡೆಸಿ. ಏಪ್ರಿಲ್ ಮೂರನೇ ವಾರ ಈಸ್ಟರ್‌ಗೆ ರಜೆ ಇದೆ. ನೀವು ಬೇಡವೆನ್ನದಿದ್ದರೆ ಬರುತ್ತೇನೆ. ಬೇಡವೆಂದರೂ ಒಂದು ಸಲ ಬಂದು ಬಾಗಿಲು ತಟ್ಟಿ ಹೋಗುತ್ತೇನೆ.

ನಿಮ್ಮ
ನೆರೆಯ್ದಾ


ಕೆಲ್ಬಿ
೨೩ ಮಾರ್ಚ್ ೨೦೧೯, ಶನಿವಾರ

ನೆರೆಯ್ದಾ, ಕೂಸೇ,

ಹೋದ ಶನಿವಾರ ನಿನ್ನ ಕಾಗದ ಎಲ್ಲ ತಂದು ಇಲಾರಿಯೊ ಮುಂದೆ ಸುರಿದೆ. ಒಡೀರಿ, ಓದಿ ಅಂದೆ. ಅಕ್ಷರ ನನ್ನ ಕೈಗೆ ಹತ್ತಲ್ಲ ಅಂತ ಗೊತ್ತಾಯ್ತು, ನನಗೇನು ಇನ್ನೊಂದು ಜನ್ಮ ಇದೆಯಾ? ಮೊದಲನೇ ಕಾಗದದಿಂದ ಸಾಲಾಗಿ ಓದಿದ್ರು. ಚೆನ್ನಾಗೇ ಓದಿದ್ರು ಪಾಪ, ಅರ್ಜಿ ಥರ ಓದಲಿಲ್ಲ.

ಮೊದಲನೇದರಲ್ಲಿ ಒಂದು ಕಡೆ ನಿಲ್ಲಿಸಿ, ಇನ್ನೊಂದ್ಸಲ ಓದಿ ಅಂದೆ. ನೀನು ನನ್ನ ಕೈ ಹಿಡಿದುಕೊಂಡಿದ್ದು, ತರಗತಿ ಮಾಡಿಸ್ತೀವಿ ಅಂದಿದ್ದು. ಮೂರು ಸಲ ಓದಿಸಿದೆ. ಆಮೇಲೆ ಡಿಸೆಂಬರಿನದು. ಗುಟ್ಟು ಅಂತ ತಿಳಿದೆ ಅಂತ ಬರೆದಿದೀಯ. ಗುಟ್ಟಾ? ಅಯ್ಯೋ ಕೂಸೇ.

ಇಷ್ಟು ದಿನ ನಾನು, ನೀನು ತಿಳಿದೂ ತಿಳಿದೂ ಒಲ್ಲೆ ಅಂದೆ ಅಂದುಕೊಂಡಿದ್ದೆ. ನಿಂಗೆ ಗೊತ್ತೇ ಇರಲಿಲ್ಲ.

ಈಗ ಹೇಳ್ತೀನಿ ಕೇಳು. ಬೆಟ್ಟದ ಮೇಲಿನ ನಮ್ಮೂರಲ್ಲಿ ಜಪ ಕೊಡೋ ಕ್ರಮ ಇದು. ಮಾಲೆ ಹಿಡಿದು ಹೇಳೋದು ಎಲ್ಲರಿಗೂ ಗೊತ್ತಿರುತ್ತೆ, ಪಾದ್ರಿ ಪುಸ್ತಕದಲ್ಲೂ ಇರುತ್ತೆ. ಕೊನೆಗೆ ಸತ್ತವರನ್ನ ಹೊಸಿಲು ದಾಟಿಸಿ ಕಳಿಸೋ ಒಂಬತ್ತು ಪದ ಇದೆಯಲ್ಲ, ಉದ್ದುದ್ದ ಹಾಡು, ಅದು ಯಾವ ಪುಸ್ತಕದಲ್ಲೂ ಇಲ್ಲ, ಸತ್ತ ಮನೇಲೂ ತುಟಿಯೊಳಗೇ ಹೇಳೋದು. ಒಬ್ಬಳ ಬಾಯಿಂದ ಒಬ್ಬಳ ಕಿವಿಗೆ, ಅಷ್ಟೇ. ಒಬ್ಬಳಿಗೆ ಮಾತ್ರ. ಕೊಡೋಳು ಬಾಗಿಲು ಹಾಕಿ, ಬೇರೆ ಕಿವಿ ಇಲ್ಲ ಅಂತ ನೋಡಿಕೊಂಡು, "ನಂಗೆ ಓದಕ್ಕೆ ಬರಲ್ಲ" ಅಂತಾಳೆ. ಅಂದ್ರೆ ಪುಸ್ತಕದಲ್ಲಿ ಹುಡುಕಬೇಡ, ನನ್ನ ಹತ್ರ ಇದೆ ಅಂತ. ತಗೊಳ್ಳೋಳು "ಹಾಗಾದ್ರೆ ನಿಮ್ಮ ಬಾಯಿಂದ ಕೊಡಿ" ಅಂತ ಕೇಳಬೇಕು. ಕೇಳದೆ ಕೊಡಂಗಿಲ್ಲ. ನಮ್ಮಮ್ಮನಿಗೆ ಓದಕ್ಕೆ ಬರ್ತಿರಲಿಲ್ಲ, ನಂಗೂ ಬರಲ್ಲ, ಅದು ನಿಜಾನೇ. ಬಂದಿದ್ರೂ ಮಾತು ಅದೇ. ಅದಕ್ಕೇ ಮಷಿನ್ ನಿಲ್ಲಿಸು ಅಂದಿದ್ದು. ನೀನು ನಿಲ್ಲಿಸಿದೆ. ಸರಿ, ಹುಡುಗಿ ಇವತ್ತು ತಗೊಳ್ಳಕ್ಕೇ ಬಂದಿದಾಳೆ ಅಂದುಕೊಂಡೆ.

ನೀನು "ಅದಕ್ಕೇನಂತೆ" ಅಂದೆ. ನನ್ನ ಕೈ ಹಿಡಿದು ಪಾಪ ಅಂತ ನೋಡಿದೆ.

ನಿಂಗೆ ಯಾರು ಹೇಳಿಕೊಟ್ಟಿರ್ತಾರೆ? ನೀನು ಇಲ್ಲೇ ಹುಟ್ಟಿದೋಳು, ನಿಮ್ಮಮ್ಮ ಬೇಗ ಹೋದಳು. ನಮ್ಮೂರಲ್ಲಾದ್ರೆ ಬಾವಿ ಹತ್ರ ನೀರು ಸೇದೋ ಮಕ್ಕಳಿಗೂ ಗೊತ್ತಿರುತ್ತೆ. ನಾನೇ ಮೊದಲೇ ಹೇಳಿಡಬೇಕಿತ್ತು. ನಿಮ್ಮಮ್ಮನ ಒಂಬತ್ತನೇ ಸಂಜೆ ನೀನು ನನ್ನ ಪಕ್ಕ ಕೂತು, ಅಳದೆ, ಕೊನೇ ತನಕ ಕೇಳಿದೆ ನೋಡು, ಆವತ್ತೇ ಇದು ಇವಳಿಗೆ ಅಂತ ಮನಸ್ಸಲ್ಲಿ ಇಟ್ಟುಕೊಂಡೆ. ನೀನು ದೊಡ್ಡೋಳಾಗಲಿ, ಓದು ಮುಗಿಸಲಿ, ಆಮೇಲೆ ಅಂತ ಕಾದೆ.

ಜನವರಿಯಲ್ಲಿ ಫಿದೆಲಾ ಬಂದಳು. ಅವಳಿಗೂ ಏನೂ ಗೊತ್ತಿರಲಿಲ್ಲ, ಅವಳದ್ದು ಬರೀ ಸಿಟ್ಟು. ಇಲಾರಿಯೊ ಹೋದ ಮೇಲೆ, ನಂಗೆ ಓದಕ್ಕೆ ಬರಲ್ಲ, ಅದು ಪುಸ್ತಕದಲ್ಲೂ ಇಲ್ಲ ಅಂದೆ. "ಪುಸ್ತಕದಲ್ಲಿ ಇಲ್ಲ ಅಂದ್ರೆ ಮತ್ತೆಲ್ಲಿದೆ? ನಿಮ್ಮ ಬಾಯಿಂದಾನೇ ಹೇಳಿ, ನಾನೂ ಕೇಳ್ತೀನಿ!" ಅಂತ ಕೂಗಿದಳು. ಕೂಗಿದಳೋ ಬೇಡಿದಳೋ, ಕೇಳಿದಳು. ಕೇಳಿದೋಳಿಗೆ ಇಲ್ಲ ಅನ್ನಂಗಿಲ್ಲ. ನೀನು ಬೇಡ ಅಂದೆ ಅಂತಾನೇ ನಾನು ನಂಬಿದ್ದೆ. ಕೊಡಕ್ಕೆ ಶುರು ಮಾಡಿದೆ.

ಮೂರು ಪದ ಆಗಿದೆ. ಇನ್ನಾರು ಇದೆ. ಶುರು ಮಾಡಿದ ಮೇಲೆ ಆಳು ಬದಲಾಯಿಸಕ್ಕೆ ಬರಲ್ಲ. ಒಳ್ಳೆ ಕಿವಿ ಅವಳದ್ದು. ಎರಡನೇ ಪದ ಕೇಳಿ ನನ್ನ ಮಂಡಿ ಮೇಲೆ ತಲೆ ಇಟ್ಟು, ಅಪ್ಪನಿಗೆ ಮುಟ್ಟಿದೆ ದೋನ್ಯಾ ಅಂದಳು. ಆಮೇಲಿಂದ ಜನ ಕರೀತಿದಾರೆ. ಹೋದ ವಾರ ಒಂದು ಮನೆಗೆ ಹೋಗಿಬಂದೆ.

ನಿನ್ನ ಮೇಲೆ ಕೋಪ ಹೋಗಿದೆ. ಕೋಪ ಇದ್ದಾಗ ಬೆಳಗ್ಗೆ ಎದ್ದರೆ ನಿನ್ನ ಜೊತೆ ಜಗಳ ಆಡಿಕೊಂಡಾದ್ರೂ ಇರ್ತಿದ್ದೆ. ಈಗ ಅದೂ ಇಲ್ಲ, ಮನೆ ತುಂಬ ನಿಶ್ಶಬ್ದ.

ಈಸ್ಟರ್‌ಗೆ ಬಾ. ಬಾಗಿಲು ತಟ್ಟೋದು ಬೇಡ, ಚಿಲಕ ಹಾಕಿರಲ್ಲ. ನಿನ್ನ ಮಂಚಕ್ಕೆ ಹೊಸ ಕಂಬಳಿ ಹಾಕಿದೀನಿ. ಬ್ರೆಡ್ಡು ಬೆಲ್ಲದ ಸಿಹಿ ಮಾಡ್ತೀನಿ, ದ್ರಾಕ್ಷಿ ಹಾಕಲ್ಲ, ನಿಂಗೆ ಆಗಲ್ಲ ಅಂತ ನೆನಪಿದೆ.

ಗುರುವಾರ ಸಂಜೆ ಮಾತ್ರ ಫಿದೆಲಾ ಬರ್ತಾಳೆ. ಅಡುಗೆಮನೆ ಬಾಗಿಲು ಹಾಕ್ತೀವಿ. ಗೋಡೆ ತೆಳು, ಪಕ್ಕದ ಕೋಣೆಗೂ ಕೇಳಿಸುತ್ತೆ. ಅದಕ್ಕೆ ಆ ಎರಡು ಗಂಟೆ ನೀನು ಮನೇಲಿ ಇರಬಾರದು, ಕೂಸೇ. ಇಲಾರಿಯೊ ಮನೇಲಿ ಕೂತಿರು. ಮುಗಿದ ಮೇಲೆ ಹೇಳಿ ಕಳಿಸ್ತೀನಿ, ಆಮೇಲೆ ಬಾ.

ನಿನ್ನ ಮದ್ರಿನಾ,
ಒತಿಲಿಯಾ